ಕಲ್ಲಿಗೂ ಆಸರಾಗುತ್ತದೆ

ನಮ್ಮ ಸೋದರಮಾವನಿಗೆ ಮನುಷ್ಯರಿಗಿಂತ ಕಲ್ಲಿನ ಆರೋಗ್ಯದ ಚಿಂತೆಯೇ ಹೆಚ್ಚು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ, ಅವನು ಅಂಗಳದಲ್ಲಿ ಬೋರಲು ಮಲಗಿ ಕಲ್ಲಿಗೆ ಕಿವಿಯಿಟ್ಟು “ಆಸರಾತಾ?” ಎಂದು ಕೇಳುವುದನ್ನು ಕಣ್ಣಾರೆ ನೋಡುವತನಕ! ನಮ್ಮ ಕಡೆ ದಣಿವಿಗೂ ಬಾಯಾರಿಕೆಗೂ ಆಸರು ಎನ್ನುತ್ತೇವೆ. ಮನೆಗೆ ಬಂದವರಿಗೆ “ಆಸ್ರಿಗೆ ಎಂತ ಬೇಕು?” ಎಂದು ಮೊದಲು ಕೇಳಬೇಕು. ಮಾವ ನೆಂಟರನ್ನು ಬಿಟ್ಟು ಕಲ್ಲನ್ನು ಕೇಳುತ್ತಿದ್ದ.

ಇದಕ್ಕೆಲ್ಲ ಕಾರಣ ಒಂದು ಗಟಾರ. ಶಿರಸಿಯಲ್ಲಿ ಮಾವನ ಮನೆಯ ಮುಂದಿನ ರಸ್ತೆ ಅಗಲ ಮಾಡಿದವರು ಬಾಗಿಲಿಗೂ ರಸ್ತೆಗೂ ನಡುವೆ ಸೊಂಟದಾಳದ ಗಟಾರ ತೋಡಿ ಹೋದರು. ಮಾವ ಅದರ ಮೇಲೊಂದು ಮರದ ಹಲಗೆ ಹಾಕಿದ. ಎರಡು ಮಳೆಗಾಲ ಕುಡಿದ ಹಲಗೆ, ಅತ್ತೆ ಸೋಂದೆಯಲ್ಲಿರುವ ತಂಗಿಯ ಮನೆಗೆ ಹೊರಟ ದಿನವೇ ನಡುಮುರಿಯಿತು. ಅತ್ತೆ ಸ್ವಲ್ಪ ದಪ್ಪ. ಹೊಸ ಸೀರೆ, ಕೈಯಲ್ಲಿ ಹಲಸಿನ ಹಪ್ಪಳದ ಕಟ್ಟು, ಎಲ್ಲ ಸಮೇತ ಕೆಸರಿನಲ್ಲಿ ನಿಂತಳು. ಬೀದಿಗೆ ಬೀದಿಯೇ ನಕ್ಕಿತು. ಮೊದಲು ನಕ್ಕವನು ಮಾವನೇ.

ಅಂದಿನಿಂದ ಅತ್ತೆ ಮುಂಬಾಗಿಲು ದಾಟಲಿಲ್ಲ. ತಂಗಿಯ ಮನೆ, ಪೇಟೆ, ಮದುವೆ, ಮುಂಜಿ ಎಲ್ಲ ಬಿಟ್ಟಳು. ಕರೆದರೆ, ಒಲೆಯ ಮೇಲೆ ಹಾಲಿದೆ ಎನ್ನುತ್ತಿದ್ದಳು. ದಿನವಿಡೀ ಹಾಲು ಕಾಯುವ ಒಲೆ ಯಾವುದಪ್ಪಾ?

ಮಾವ ರಸ್ತೆ ಕೆಲಸದ ಮೇಸ್ತ್ರಿ. ಮುರಿಯದ ಚಪ್ಪಡಿಯೊಂದನ್ನು ತಾನೇ ಹಾಕುತ್ತೇನೆಂದು ಹೊರಟ. ಕರಿಕಲ್ಲಿನದು ಹಾಕಿದರೆ ಗಟಾರ ಬಳಿಯುವಾಗ ಎತ್ತಲು ನಾಲ್ಕಾಳು ಬೇಕು. ಗಟ್ಟಿಯೂ ಇರಬೇಕು, ಹಗುರವೂ ಇರಬೇಕು! ಅಷ್ಟರಲ್ಲಿ ಯಲ್ಲಾಪುರದ ಗೆಳೆಯನ ಮನೆಗೆ ರೇಡಿಯೋ ಬಂತು. ಊರೆಲ್ಲ ರೇಡಿಯೋ ನೋಡಲು ಹೋದರೆ ಮಾವ ಅದನ್ನು ಸುತ್ತಿದ್ದ ಬಿಳಿಯ ಹಗುರ ಹಲಗೆಗಳನ್ನು ಹೊತ್ತು ತಂದ. ಈಗ ಥರ್ಮಾಕೋಲ್ ಎನ್ನುತ್ತೇವಲ್ಲ, ಅದೇ. ಅದನ್ನು ಪುಡಿಮಾಡಿ ಸಿಮೆಂಟಿಗೆ ಬೆರೆಸಿ ಚಪ್ಪಡಿ ಎರೆಯುವುದು ಅವನ ಯೋಜನೆ.

ಪುಡಿ ಮಾಡಿದ್ದು ಯಾವುದರಲ್ಲಿ ಅಂತೀರಿ? ಅತ್ತೆ ಕಾಯಿ ತುರಿಯುವ ಮಣೆಯಲ್ಲಿ! ಬಿಳಿ ಕಾಳು ಮಾವನ ಮೀಸೆಗೆ, ಬೆಕ್ಕಿನ ಬಾಲಕ್ಕೆ, ದೇವರ ಪಟಕ್ಕೆ ಅಂಟಿಕೊಂಡವು. ಅಂದು ಮಧ್ಯಾಹ್ನ ಚಟ್ನಿಯಲ್ಲಿ ಕಾಯಿ ಯಾವುದು, ರೇಡಿಯೋ ಯಾವುದು ಎಂದು ನನಗೆ ಇಂದಿಗೂ ಗೊತ್ತಿಲ್ಲ.

ಮೊದಲ ಚಪ್ಪಡಿಗೆ ಬಿಳಿ ಕಾಳು ಹೆಚ್ಚಾಯಿತು. ಜೋರು ಮಳೆ ಬಂದು ಗಟಾರ ತುಂಬಿದಾಗ ಅದು ತೇಲುತ್ತಾ ಹೋಗಿ ಕೆಳಗಿನ ದರ್ಜಿಯ ಅಂಗಡಿ ಮುಂದೆ ಸಿಕ್ಕಿತು. ಎರಡನೆಯದಕ್ಕೆ ಕಾಳು ಕಡಿಮೆ ಮಾಡಿ, ಒಳಗೆ ಕಬ್ಬಿಣದ ಸರಳು ಕೊಟ್ಟ. ಅದು ಗಟ್ಟಿ ಕೂತಿತು. ಇನ್ನೇನು, ಮುಗಿಯಿತಲ್ಲ ಎಂದೆ ನಾನು, ಸಿದ್ದಾಪುರದಿಂದ ಶನಿವಾರ ಬಂದವನು.

“ಒಂದ್ಸಲ ಹೊರೋದು ದೊಡ್ಡದಲ್ಲ. ದಿನಾ ಹೊತ್ರೆ ಕಲ್ಲಿಗೂ ಆಸರಾಗ್ತು” ಎಂದ ಮಾವ.

ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಗ್ರಹಚಾರ! ಮನೆಗೆ ಬಂದವರು ಚಪ್ಪಡಿಯನ್ನು ಹತ್ತು ಸಲ ದಾಟಬೇಕು. ಮಾವ ಜಗಲಿಯಲ್ಲಿ ಕೂತು ಗಟ್ಟಿಯಾಗಿ ಎಣಿಸುತ್ತಿದ್ದ. ಅಂಚೆಯವನು ರಸ್ತೆಯಿಂದಲೇ ಕಾಗದ ಎಸೆದು ಪಾರಾಗತೊಡಗಿದ. ದಾಸನಕೊಪ್ಪದ ಪರಿಚಯದ ರೈತರೊಬ್ಬರು ಏಳನೆಯ ಸಲಕ್ಕೆ ನಡುವೆಯೇ ನಿಂತು, “ನಾ ಏನ್ ಗಾಣದ ಎತ್ತೇನ್ರಿ?” ಎಂದರು. ಮಾವ ಅವರನ್ನು ಇಳಿಯಗೊಡಲಿಲ್ಲ. ನಿಂತ ಭಾರದ ಪರೀಕ್ಷೆಯೂ ಆಗಲಿ ಎಂದ!

ದಿನಾ ಬೆಳಗ್ಗೆ ತಾನೇ ಅಕ್ಕಿಮೂಟೆ ಹೊತ್ತು ದಾಟುತ್ತಿದ್ದ. ಮೂಟೆಗೂ ಒಂದು ಲೆಕ್ಕಾಚಾರ. ಒಂದು ಸೇರು ಹೆಚ್ಚಾದರೆ ತೆಗೆಯುವುದು, ಕಡಿಮೆಯಾದರೆ ಹಾಕುವುದು. ಮಾವನೋ ಕಡ್ಡಿಪೈಲ್ವಾನ. ಅವನೂ ಮೂಟೆಯೂ ಸೇರಿ ಯಾರ ತೂಕಕ್ಕೆ ಸಮ ಎಂದು ನನಗೆ ಹೊಳೆದದ್ದು ಬಹಳ ತಡವಾಗಿ.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಿತು. ಚಪ್ಪಡಿ ಕೂದಲೆಳೆಯಷ್ಟೂ ಬಿರಿಯಲಿಲ್ಲ. ಮತ್ತೊಂದು ಶನಿವಾರ ನಾನು ಹೋದಾಗ ಅತ್ತೆ ಸೀರೆ ಉಟ್ಟು, ಹಪ್ಪಳದ ಕಟ್ಟು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಬೀದಿಯವರೂ ನಿಂತು ನೋಡುತ್ತಿದ್ದರು. ಮಾವ ಮಾತ್ರ ಎಲ್ಲೂ ಕಾಣಲಿಲ್ಲ.

ಬಗ್ಗಿ ನೋಡಿದರೆ ಅವನು ಗಟಾರದೊಳಗೆ! ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಎರಡೂ ಅಂಗೈಗಳನ್ನು ಚಪ್ಪಡಿಯ ಅಡಿಗೆ ಒತ್ತಿ ಹಿಡಿದಿದ್ದ. ಇಷ್ಟು ಜನರನ್ನು ಕುಣಿಸಿ ಪರೀಕ್ಷೆ ಮಾಡಿದ ಕಲ್ಲನ್ನು ಈ ಒಬ್ಬಳ ಪಾಲಿಗೆ ಮಾತ್ರ ಅವನು ನಂಬಿರಲಿಲ್ಲ.

ಅತ್ತೆ ಒಂದೊಂದೇ ಹೆಜ್ಜೆಯಿಟ್ಟು ನಡುವೆ ಬಂದು ನಿಂತಳು. ಕೆಳಗೆ ನೋಡಿದಳು. ಈ ಸಲ ಯಾರೂ ನಗಲಿಲ್ಲ. ಮಾವನ ಕಣ್ಣು ತುಂಬಿತ್ತು, ನನ್ನದೂ.

“ಕಲ್ಲಿಗೆ ಆಸರಾಜಿಲ್ಲೆ. ಮೇಲೆ ಬನ್ನಿ. ಆಸ್ರಿಗೆ ಎಂತ ಬೇಕು?” ಎಂದಳು.

ಹಪ್ಪಳದ ಕಟ್ಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಮಾವ ರಸ್ತೆಯ ಬದಿಗೆ ಹತ್ತಿ ಕೂತ. ಅವಳು ಬೆಲ್ಲದ ನೀರು ಹಿಡಿದು ಮತ್ತೆ ಚಪ್ಪಡಿ ದಾಟಿ ಬಂದಳು, ತಂಬಿಗೆ ಒಳಗಿಡಲು ಇನ್ನೊಮ್ಮೆ ದಾಟಿದಳು, ಬಸ್ಸಿಗೆಂದು ಮತ್ತೊಮ್ಮೆ. ಮಾವ ಎಣಿಸುವುದನ್ನೇ ಮರೆತಿದ್ದ.