ಮುತ್ತಜ್ಜ ತೀರಿಕೊಂಡ ದಿನ ಯಾವುದು?

ಬದುಕಿದ್ದವರ ಬಗ್ಗೆ ವಿಚಾರಿಸಲು ಹೋದರೆ ಜನ ಸಂಶಯದಿಂದ ನೋಡುತ್ತಾರೆ. ಸತ್ತವರ ಬಗ್ಗೆ ವಿಚಾರಿಸಿದರೆ ಕುರ್ಚಿ ಹಾಕಿ ಕೂಡಿಸಿ ಚಹಾ ಕೊಡುತ್ತಾರೆ. ಕಾಲೇಜಿನ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಪುಣೆಯಲ್ಲಿ ನಾನು ಹೊರಗೆ ಕುಡಿದ ಚಹಾಕ್ಕೆಲ್ಲ ನಮ್ಮ ಮುತ್ತಜ್ಜನೇ ಕಾರಣ. ಅವನನ್ನು ಹುಡುಕಿಕೊಂಡು ಹೋದಲ್ಲೆಲ್ಲ ಏನಾದರೊಂದು ಆಗಿಯೇ ಆಗುತ್ತದೆ.

೧. ಕಾಗೆ ಬಾರದ ದಿನ

ಇದಕ್ಕೆ ನನ್ನನ್ನು ಹಚ್ಚಿದವಳು ಪುಣೆಯದೇ ಬಿಬವೇವಾಡಿಯಲ್ಲಿರುವ ನಮ್ಮ ಅತ್ಯಾ, ಅಂದರೆ ನನ್ನ ತಂದೆಯ ಅಕ್ಕ. ವಯಸ್ಸು ಎಂಬತ್ತೆಂಟು. ನನ್ನ ಮುತ್ತಜ್ಜ ಆಕೆಗೆ ಅಜ್ಜ. ಆತ ಪುಣೆಯಲ್ಲಿ ಗುಮಾಸ್ತನಾಗಿದ್ದ. ಒಂದು ದಿನ ಮನೆಯಿಂದ ಹೊರಬಿದ್ದವನು ತಿರುಗಿ ಬರಲೇ ಇಲ್ಲ. ಮನೆಯವರು ಹನ್ನೆರಡು ವರ್ಷ ದಾರಿ ಕಾಯ್ದರು. ಕೊನೆಗೆ ಶಾಸ್ತ್ರದಲ್ಲಿ ಹೇಳಿದಂತೆ ದರ್ಭೆಯ ಗೊಂಬೆ ಮಾಡಿ, ಅದನ್ನೇ ಸುಟ್ಟು ಕ್ರಿಯೆ ಮುಗಿಸಿದರು. ಗೊಂಬೆ ಸುಟ್ಟ ದಿನವೇ ಆತನ ತಿಥಿಯಾಯಿತು.

ಶ್ರಾದ್ಧ ಮಾಡುವ ಅಧಿಕಾರ ತನಗಿಲ್ಲವೆಂದು ಅತ್ಯಾಗೂ ಗೊತ್ತು. ಆದರೆ ಅಡುಗೆ ಮಾಡಿ, ಎಲೆಯಲ್ಲಿ ಬಡಿಸಿ, ಗಚ್ಚಿಯ, ಅಂದರೆ ತಾರಸಿಯ ಮೇಲೆ ಕಾಗೆಗೆ ಇಡಲು ಯಾರ ಅಪ್ಪಣೆ ಬೇಕು? ಪ್ರತಿ ವರ್ಷ ಇಡುತ್ತಾಳೆ. ಕಾಗೆ ಮಾತ್ರ ಮುಟ್ಟುವುದಿಲ್ಲ.

"ಪಾರಿವಾಳ ಬರ್ತಾವ, ಅಳಿಲು ಬರ್ತದ, ಮ್ಯಾಲಿನ ಮನಿ ಬೆಕ್ಕೂ ಬರ್ತದ. ಕಾಗಿ ಕಟ್ಟಿ ಮ್ಯಾಲೆ ಕೂತು, ನೋಡಿ, ಹಾರಿ ಹೋಗ್ತದ," ಅಂದಳು.

"ಅತ್ಯಾ, ಈಗ ಪುಣೇದಾಗ ಕಾಗೀನ ಕಡಿಮಿ ಆಗ್ಯಾವ."

"ನಿನ್ನ ಕಾಲೇಜು ನಿನ್ನ ಕಡೆ ಇರ್ಲಿ. ತಿಥಿ ತಪ್ಪೇದ. ಅಜ್ಜ ಖರೇ ಯಾವತ್ತ ಹೋದ, ಹುಡುಕಿ ಹೇಳು. ನಾ ಹೋಗೋದ್ರೊಳಗ ಒಂದ ಸಲರೆ ಅವನ ದಿನಾನ ಅವಗ ಊಟಕ್ಕ ಹಾಕ್ಬೇಕು."

"ಅಷ್ಟ್ಯಾಕ ಅವಸರ ಮಾಡ್ತಿ?"

"ಮ್ಯಾಲೆ ಹೋದ ಕೂಡ್ಲೆ ಮೊದಲ ಅವನ ಗಂಟ ಬೀಳೋದು. 'ಹಸದೀನಿ' ಅಂದ್ರ ಏನ ಹೇಳ್ಲಿ? ನಿನ್ನ ಫೋನ್ ನಂಬರ್ ಕೊಡ್ಲೇನು?"

೨. ಪೂಜೆಗೊಂಡ ಕಾಗದ

ಅತ್ಯಾನ ಟ್ರಂಕಿನಲ್ಲಿ ಹಿಂದೆ ಮರಾಠಿ ಬರೆಯಲು ಬಳಸುತ್ತಿದ್ದ ಮೋಡಿ ಲಿಪಿಯ ಕಾಗದವೊಂದು ಸಿಕ್ಕಿತು. ಮುತ್ತಜ್ಜನ ಕೈಬರಹ. ಮುಟ್ಟಿದರೆ ಮುರಿಯುವಂಥ ಕಾಗದ, ಶಾಯಿ ಮಾತ್ರ ನಿನ್ನೆ ಬರೆದ ಹಾಗೆ ಕಪ್ಪು. ಒಂದಕ್ಷರವೂ ತಿಳಿಯದೆ ಅದನ್ನು ಎಷ್ಟೋ ಹೊತ್ತು ನೋಡುತ್ತ ಕೂತೆ. ಮನೆಗೆ ತಂದರೆ ನನ್ನ ಹೆಂಡತಿ ಅರಿಷಿಣ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು. ಎಂಟು ದಿನ ಅದಕ್ಕೂ ನೈವೇದ್ಯವಾಯಿತು.

ಒಂಬತ್ತನೆಯ ದಿನ ಮೋಡಿ ಬಲ್ಲ ವೃದ್ಧ ಮಾಸ್ತರರೊಬ್ಬರ ಬಳಿ ಒಯ್ದೆ. ಅವರು ಭೂತಗನ್ನಡಿ ಹಿಡಿದು ಓದಿದರು: "ಎಮ್ಮೆಗೆ ಹೊಟ್ಟೆ ಉಬ್ಬರಿಸಿದರೆ ಇಂಗು, ಉಪ್ಪು, ಮಜ್ಜಿಗೆ."

ನನ್ನ ಮುಖ ನೋಡಿ ಪಾಪ, ಕಾಗದ ತಿರುವಿದರು. ಹಿಂದೆ ಬೇರೊಂದು ಕೈಬರಹ, ಹುಡುಗನದು. ಅವನೇ ಮುಂದೆ ನನ್ನ ಅಜ್ಜನಾದವನು. "ಅಪ್ಪ ನಾಸಿಕಕ್ಕೆ ಹೋಗಿ ಹದಿನಾಲ್ಕು ದಿನವಾಯಿತು. ಎಮ್ಮೆಗೆ ಗುಣವಾಯಿತು. ಅಪ್ಪ ಬರಲಿಲ್ಲ."

ಮಾಸ್ತರರು ಕನ್ನಡಕ ಒರೆಸಿಕೊಂಡು ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು.

ಮನೆಗೆ ಬಂದು ಎರಡೂ ಬದಿಯ ಸಂಗತಿ ಹೇಳಿದೆ. ಹೆಂಡತಿ ಕಾಗದ ಇಸಿದುಕೊಂಡು ಮತ್ತೆ ದೇವರ ಮುಂದಿಟ್ಟು ಅಂದಳು: "ಎಮ್ಮಿಗೆ ಗುಣ ಆತಲ್ರಿ. ಸತ್ವ ಇರೋ ಕಾಗದನ ಅದು."

೩. ಮನುಷ್ಯ ಸತ್ತಾಗ ಬನ್ನಿ

ಕಾಗದ ನಾಸಿಕ ಅಂದಿತು. ನನ್ನ ಕಾಲೇಜು ಬುದ್ಧಿ, ಮೊದಲು ಸರಕಾರಿ ದಾಖಲೆ ನೋಡು ಅಂದಿತು. ಜನನ-ಮರಣ ಬರೆದಿಡುವ ಕಚೇರಿಯೊಂದಕ್ಕೆ ಹೋದೆ. ಕಿಟಕಿಯಾಚೆ ಕೂತಿದ್ದ ಗುಮಾಸ್ತ ಮರಾಠಿಯಲ್ಲಿ ಕೇಳಿದ:

"ಮರಣ ಯಾವಾಗ ಆಯಿತು?"

"ಅದನ್ನು ಕೇಳುವುದಕ್ಕೇ ಬಂದದ್ದು."

"ಎಲ್ಲಿ?"

"ಅದೂ ಗೊತ್ತಿಲ್ಲ."

"ಮತ್ತೆ ಸತ್ತದ್ದು ಹೇಗೆ ಗೊತ್ತು?"

ಗೊಂಬೆಯ ಕಥೆ ಹೇಳಿದೆ. ಆತ ಪೆನ್ನು ಕೆಳಗಿಟ್ಟ. ಪಕ್ಕದ ಮೇಜಿನವರನ್ನೂ ಕರೆದ. ನನಗೆ ಒಳಗೆ ಕುರ್ಚಿ ಬಂತು, ಚಹಾ ಬಂತು, ಹನ್ನೆರಡು ವರ್ಷ ಕಾಯ್ದ ಭಾಗವನ್ನು ತಡವಾಗಿ ಬಂದವರಿಗಾಗಿ ಎರಡನೆಯ ಸಲ ಹೇಳಬೇಕಾಯಿತು. ಎಲ್ಲ ಮುಗಿದ ಮೇಲೆ ಗುಮಾಸ್ತ ಬಹಳ ಗೌರವದಿಂದ ಅಂದ:

"ಕಾಕಾ, ಸತ್ತದ್ದು ಗೊಂಬೆ. ಅದು ನಮ್ಮ ಇಲಾಖೆಗೆ ಬರುವುದಿಲ್ಲ. ಮನುಷ್ಯ ಸತ್ತಾಗ ಬನ್ನಿ, ಕೂಡಲೇ ಬರೆದುಕೊಳ್ಳುತ್ತೇವೆ."

೪. ನಡೆದು ಬಂದವರು

ಕೊನೆಗೆ ನಾಸಿಕಕ್ಕೇ ಹೋದೆ. ಅಲ್ಲಿಯ ತೀರ್ಥ ಪುರೋಹಿತರು, ಬಂದ ಯಾತ್ರಿಕರ ಹೆಸರನ್ನು ತಲೆಮಾರುಗಟ್ಟಲೆ ಪುಸ್ತಕದಲ್ಲಿ ಬರೆಸಿಟ್ಟುಕೊಳ್ಳುತ್ತಾರೆ. ನಮ್ಮ ಮನೆತನದ ಪುಸ್ತಕವಿದ್ದ ಪುರೋಹಿತರು ನನ್ನ ಮಗನ ವಯಸ್ಸಿನವರು. ಅಡ್ಡಹೆಸರು ಕೇಳಿದರು, ಮೂಲ ಊರು ಕೇಳಿದರು, ಒಳಗೆ ಹೋಗಿ ಕೆಂಪು ಬಟ್ಟೆಯ ಗಂಟೊಂದನ್ನು ತಂದು ಬಿಚ್ಚಿದರು. ಚಹಾ ಆರುವುದರೊಳಗೆ ಪುಟ ಸಿಕ್ಕಿತು.

ಓಡುವ ಮೋಡಿ ಸಾಲುಗಳ ನಡುವೆ ಒಂದು ದುಂಡನೆಯ ಕನ್ನಡ ಸಹಿ. ನನಗೆ ಇಟ್ಟದ್ದು ಮುತ್ತಜ್ಜನ ಹೆಸರನ್ನೇ. ಹಾಗಾಗಿ ನಾನು ನೋಡುತ್ತಿದ್ದದ್ದು ನನ್ನದೇ ಹೆಸರು, ನಾನು ಹುಟ್ಟುವ ಮೊದಲೇ ಬರೆದದ್ದು. ಬೆರಳಿಟ್ಟರೆ ತೆಗೆಯಲು ಮನಸ್ಸಾಗಲಿಲ್ಲ.

ಆಮೇಲೆ ಸಹಿಯ ಪಕ್ಕದಲ್ಲಿ ಬರೆದಿದ್ದ ವರ್ಷವನ್ನು ಓದಿಸಿಕೊಂಡೆ. ಬೆರಳು ಮಡಿಚಿ ಮೂರು ಸಲ ಎಣಿಸಿದೆ. ಗೊಂಬೆ ಸುಟ್ಟು ಐದು ವರ್ಷದ ನಂತರದ್ದು.

"ಆದರೆ ಅಷ್ಟೊತ್ತಿಗೆ ಇವರು ತೀರಿಕೊಂಡಿದ್ದರಲ್ಲ," ಅಂದೆ.

ಪುರೋಹಿತರು ಒಂದಿಷ್ಟೂ ಗಲಿಬಿಲಿಗೊಳ್ಳಲಿಲ್ಲ. "ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬರುವವರು ಬಹಳ, ಕಾಕಾ. ಸ್ವತಃ ನಡೆದು ಬಂದು ಸಹಿ ಮಾಡಿದವರು ಇವರೊಬ್ಬರೇ."

೫. ಒಂದೇ ಎಲೆ

ಸಹಿಯ ಕೆಳಗೆ ಮುತ್ತಜ್ಜನೇ ನಾಲ್ಕು ಸಾಲು ಬರೆದಿದ್ದ. "ಊರವರೊಬ್ಬರು ಸಿಕ್ಕು, ಮನೆಯಲ್ಲಿ ನನ್ನ ಕ್ರಿಯೆ ಮುಗಿದ ಸುದ್ದಿ ಹೇಳಿದರು. ಈಗ ತಿರುಗಿ ಹೋದರೆ ಶಾಸ್ತ್ರದಂತೆ ಹೊಸದಾಗಿ ಹುಟ್ಟಿದವನಾಗಿ ಮತ್ತೆ ನಾಮಕರಣ, ಮತ್ತೆ ಮುಂಜಿ, ಅದೇ ಹೆಂಡತಿಯೊಡನೆ ಮತ್ತೆ ಮದುವೆ ಆಗಬೇಕಂತೆ. ಮೊದಲಿನ ಎರಡಕ್ಕೆ ನನ್ನ ಅಭ್ಯಂತರವಿಲ್ಲ."

ಅದರ ಕೆಳಗೆ ಪುರೋಹಿತರ ಮುತ್ತಜ್ಜನ ಕೈಬರಹ: ಈ ಗೃಹಸ್ಥರು ನಮ್ಮ ವಾಡೆಯಲ್ಲೇ ಉಳಿದು ಇಂಥ ತಿಥಿ ತೀರಿಕೊಂಡರು, ಕ್ರಿಯೆ ನಾವೇ ಮಾಡಿದೆವು.

ಮೊದಲಿನ ಹನ್ನೆರಡು ವರ್ಷ ಯಾಕೆ ಬರಲಿಲ್ಲ ಎಂಬುದಕ್ಕೆ ಮಾತ್ರ ಆ ಪುಸ್ತಕದಲ್ಲೂ ಉತ್ತರವಿಲ್ಲ.

ಪುಣೆಯ ಬಸ್ಸಿನಲ್ಲಿ ಸಂಗಮನೇರದವರೆಗೆ ಒಬ್ಬನೇ ನಗುತ್ತ ಬಂದೆ. ಅಲ್ಲಿ ಅತ್ಯಾನ ಮುಖ ನೆನಪಾಯಿತು, ನಗೆ ನಿಂತಿತು. ಆಕೆಯನ್ನು ಬೆಳೆಸಿದ ಅಜ್ಜಿ, ಮುತ್ತಜ್ಜ ಮತ್ತೆ ಮದುವೆಯಾಗಲು ಒಲ್ಲೆನೆಂದ ಆ ಹೆಂಡತಿಯೇ.

ಮರುದಿನ ಎಲ್ಲ ಹೇಳಿದೆ. ಅತ್ಯಾ ನಗಲಿಲ್ಲ.

"ಅಂದ್ರ ಅಂವ ಬದುಕಿದ್ದಾಗನ ನಮ್ಮಜ್ಜಿ ಬಳಿ ಒಡದ್ರು."

"ಹೌದು, ಅತ್ಯಾ."

ಹೇಳಬಾರದಿತ್ತೇನೋ ಅನಿಸಿತು. ಆಮೇಲೆ, "ತಿಥಿ ಹೇಳು," ಅಂದಳು.

"ಕಾರ್ತಿಕ ಬಹುಳ ಪಂಚಮಿ."

"ಇನ್ನೊಮ್ಮೆ ಹೇಳು."

ಹೇಳಿದೆ. ಆಕೆಯ ಹೆಗಲು ಅಲುಗತೊಡಗಿದವು. ಅಳುತ್ತಿದ್ದಾಳೆಂದು ನೀರು ತಂದೆ. ನೋಡಿದರೆ ನಗುತ್ತಿದ್ದಾಳೆ.

"ಅದು ನಮ್ಮಜ್ಜೀ ತಿಥಿ. ಎಷ್ಟೋ ವರ್ಷದ ಮ್ಯಾಲೆ ಆಕಿ ಹೋಗಿದ್ದೂ ಅದ ಪಂಚಮಿ ದಿನಾನ."

ನನ್ನ ಕೈಗಳು ತಾವಾಗಿಯೇ ಕೂಡಿಕೊಂಡವು. ಯಾರಿಗೆ ಮುಗಿಯುತ್ತಿದ್ದೇನೆ ಅಂತಲೂ ತಿಳಿಯಲಿಲ್ಲ. ಆಮೇಲೆ ಕೇಳಿದೆ, "ಹಂಗಾರ ಆವತ್ತ ಎರಡ ಎಲಿ ಇಡ್ತೀಯೇನು, ಅತ್ಯಾ?"

"ಎರಡ್ಯಾಕ? ಒಂದ ಸಾಕು," ಅಂದಳು ಅತ್ಯಾ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಮದಿವ್ಯಾಗ ಗಂಡ-ಹೆಂಡ್ತಿ ಒಂದ ಎಲಿಯಾಗ ಉಣ್ಣಂಗಿಲ್ಲೇನು, ಹಂಗ ಕೂಡಸ್ತೀನಿ. ಈ ಸಲ ಎಲ್ಲಿಗೆ ಓಡಿ ಹೋಗ್ತಾನ, ನಾನೂ ನೋಡ್ತೀನಿ."