ಒಂದು ಪೂರ್ತಿ ಕಾಫಿ

ಎಲ್ಲಕ್ಕೂ ಮೂಲ ಆ ಒಂದು ಪೂರ್ತಿ ಕಾಫಿ. ಚಾಮರಾಜಪೇಟೆಯ ವಜ್ರಕಾಂತಿ ಹಲ್ಲುಪುಡಿ ಕಂಪನಿಯ ಹಿರಿಯ ಗುಮಾಸ್ತ ರಾಮಾನುಜ ಎದುರಿನ ಹೋಟೆಲಿನಲ್ಲಿ ಅದುವರೆಗೆ ಬೈಟು ಬಿಟ್ಟು ಬೇರೆ ಕಾಫಿ ಕುಡಿದವನೇ ಅಲ್ಲ. ಅರ್ಧ ಅವನದು, ಇನ್ನರ್ಧ ಪಕ್ಕದ ಮೇಜಿನ ಮುರುಗೇಶನದು. ಕೆಲಸಕ್ಕೆ ಸೇರಿದ ವರ್ಷದಿಂದ ನಡೆದುಬಂದ ಈ ಪದ್ಧತಿ ಸಪ್ತಪದಿ ತುಳಿದ ಮದುವೆಯಷ್ಟೇ ಗಟ್ಟಿ ಎಂದು ಆಫೀಸಿನವರೆಲ್ಲ ನಂಬಿದ್ದರು.

ಹಾಗಿದ್ದವನು ಆ ಗುರುವಾರ ಮುರುಗೇಶ ಪಕ್ಕದಲ್ಲಿ ನಿಂತಿರುವಾಗಲೇ, "ನನಗೊಂದು ಫುಲ್ ಕಾಫಿ," ಎಂದುಬಿಟ್ಟ.

"ಯಾಕೋ ಮಗಾ, ಹುಷಾರಿಲ್ವಾ?" ಎಂದ ಮುರುಗೇಶ.

"ಚೆನ್ನಾಗೇ ಇದೀನಿ. ನಿನಗೆ ಬೇಕಾದ್ದು ನೀನು ಹೇಳ್ಕೋ," ಎಂದು ರಾಮಾನುಜ ಲೋಟ ಹಿಡಿದು ಮೂಲೆಯ ಮೇಜಿಗೆ ಹೋಗಿ ಗೋಡೆ ನೋಡುತ್ತಾ ಕುಳಿತ.

ಇದಕ್ಕೊಂದು ಕಾರಣವಿತ್ತು. ರಾಯಚೂರಿನಲ್ಲಿ ತೆರೆಯಲಿರುವ ಹೊಸ ಶಾಖೆಗೆ ಅವನನ್ನೇ ಮ್ಯಾನೇಜರ್ ಮಾಡುವುದಾಗಿ ಯಜಮಾನರಾದ ಚಂದ್ರಶೇಖರಯ್ಯನವರು ಹಿಂದಿನ ದಿನ ಹೇಳಿದ್ದರು. ಆರ್ಡರಿಗೆ ರುಜು ಬೀಳುವುದು ಇವತ್ತು ಸಂಜೆ. ಜೊತೆಗೆ ಒಂದು ಬುದ್ಧಿಮಾತನ್ನೂ ಹೇಳಿದ್ದರು: "ನೋಡ್ರೀ, ಲೀಡರ್ ಆಗೋನು ಕೈಕೆಳಗಿನವರ ಹೆಗಲ ಮೇಲೆ ಕೈ ಹಾಕ್ಕೊಂಡು ಕೂತ್ಕೋಬಾರ್ದು."

ರಾಮಾನುಜ ಅದನ್ನು ವೇದವಾಕ್ಯವೆಂದೇ ತೆಗೆದುಕೊಂಡ. ಸ್ವಂತ ಕೋಣೆ, ತಲೆಯ ಮೇಲೆ ಸ್ವಂತ ಫ್ಯಾನು, ಬಾಗಿಲ ಮೇಲೆ ಹೆಸರು. ಗುಮಾಸ್ತಗಿರಿಯಲ್ಲೇ ತಲೆ ನರೆಸಿಕೊಂಡವನಿಗೆ ಇದಕ್ಕಿಂತ ದೊಡ್ಡ ಸ್ವರ್ಗ ಯಾವುದು? ಹೆಂಡತಿ ಕಾವೇರಮ್ಮ ಆಗಲೇ ಶಂಕರಪುರದ ಬೀದಿಗೆಲ್ಲ "ನಮ್ಮನೆಯವರು ಮ್ಯಾನೇಜರ್" ಎಂದು ಸಾರಿಬಿಟ್ಟಿದ್ದಳು. ಇನ್ನು ಸ್ನೇಹ ಗೀಹ ಎಂದು ಯಾರಿಗೂ ಸಲಿಗೆ ಕೊಡಕೂಡದು, ಅಭ್ಯಾಸ ಇಲ್ಲಿಂದಲೇ ಶುರುವಾಗಲಿ ಎಂದು ಅವನು ಪಣ ತೊಟ್ಟಿದ್ದ.

ಆಫೀಸಿಗೆ ಬಂದರೆ ಟೈಪಿಸ್ಟ್ ಶಕುಂತಲಮ್ಮ ಎಂದಿನಂತೆ ಡಬ್ಬಿ ತೆರೆದು ಮುಂದೆ ಹಿಡಿದರು. "ಕೋಡುಬಳೆ ತಗೊಳ್ಳಿ. ನಿಮಗೇ ಅಂತ ಖಾರ ಕಮ್ಮಿ ಹಾಕಿದೀನಿ."

"ಆಫೀಸ್ ಟೈಮಲ್ಲಿ ತಿಂಡಿ ತಿನ್ನಬಾರ್ದು," ಎಂದ ರಾಮಾನುಜ. ಬಾಯಲ್ಲಿ ನೀರೂರಿದ್ದು ನಿಜ. ಆದರೆ ನಾಯಕನಾಗುವವನು ಕೋಡುಬಳೆಗೆ ಸೋಲುವುದುಂಟೆ?

ಅಷ್ಟರಲ್ಲಿ ಗೋದಾಮು ನೋಡಿಕೊಳ್ಳುವ ಮರಿಯಣ್ಣ ಬಂದು ಬೆನ್ನಿಗೊಂದು ಗುದ್ದಿ, "ಏನ್ ಗುರು, ರಾಯಚೂರು ಬಿಸಿಲಿಗೆ ಛತ್ರಿ ತಗೊಂಡ್ಯಾ?" ಎಂದು ನಕ್ಕ. ರಾಮಾನುಜ ನಗಲಿಲ್ಲ. ಮುಖ ಗಂಟಿಕ್ಕಿಕೊಂಡು ಕಿಟಕಿಯತ್ತ ತಿರುಗಿದ. ಮರಿಯಣ್ಣನ ಅಂಗಿಯಿಂದ ಹಾರಿದ ಹಲ್ಲುಪುಡಿ ಕಣ್ಣಿಗೆ ಬಿದ್ದು ಧಾರಾಳವಾಗಿ ನೀರು ಸುರಿಯಿತು. ಕರವಸ್ತ್ರದಿಂದ ಒರೆಸಿಕೊಂಡು, ಯಾರತ್ತಲೂ ನೋಡದೆ ಬಂದು ಕುಳಿತ.

ಊಟದ ಹೊತ್ತಿಗೆ ಮೂವರೂ ಗೋದಾಮಿನ ಮೂಲೆಯಲ್ಲಿ ಪಿಸುಗುಟ್ಟುತ್ತಿದ್ದರು. ಇವನು ಹತ್ತಿರ ಹೋದೊಡನೆ ಮಾತು ನಿಂತಿತು. "ಇವನು ರಾಯಚೂರಿಗೆ ಹೋಗಕೂಡ್ದು, ಯಜಮಾನರಿಗೆ ಹೇಳೇಬಿಡೋಣ" ಎಂಬಷ್ಟು ಮಾತ್ರ ಕಿವಿಗೆ ಬಿದ್ದಿತ್ತು. ರಾಮಾನುಜ ಅಲ್ಲೇ ತೀರ್ಮಾನಿಸಿದ. ಹೊಟ್ಟೆಕಿಚ್ಚಿನ ಜನ! ಚಾಡಿ ಹೇಳಿ ತನ್ನ ಆರ್ಡರ್ ತಪ್ಪಿಸಲು ಹೊರಟಿದ್ದಾರೆ. ಏನು ಸಮಾಚಾರವೆಂದು ಒಂದು ಮಾತು ಕೇಳಿದ್ದರೆ ಎಲ್ಲವೂ ಅಲ್ಲಿಗೇ ಬಗೆಹರಿಯುತ್ತಿತ್ತು. ಆದರೆ ಕೇಳುವುದೆಂದರೆ ಬಗ್ಗಿದಂತೆ ಎಂದುಕೊಂಡ ಈ ಮೊಂಡ ಮನುಷ್ಯ, "ಏನ್ ಬೇಕಾದ್ರೂ ಮಾಡ್ಕೊಳ್ಳಿ! ಈ ರಾಮಾನುಜ ಯಾರಿಗೂ ಹೆದರಲ್ಲ!" ಎಂದು ಕೂಗಿ ಬಂದು ಕುರ್ಚಿಯಲ್ಲಿ ಕುಕ್ಕರಿಸಿದ.

ಸ್ವಲ್ಪ ಹೊತ್ತಿಗೆ ಮೂವರೂ ಮಹಡಿ ಹತ್ತಿ ಯಜಮಾನರ ಕೋಣೆಗೆ ಹೋದರು. ಮೇಜು ಗುದ್ದಿದ ಸದ್ದು ಬಂತು. "ಒಪ್ಪದಿದ್ರೆ ನಾಳೆಯಿಂದ ಕೆಲಸಕ್ಕೆ ಬರಲ್ಲ ಸಾರ್!" ಎಂಬ ಮರಿಯಣ್ಣನ ಗರ್ಜನೆ ಬೀದಿಗೂ ಕೇಳಿರಬೇಕು. ಕೆಳಗೆ ರಾಮಾನುಜ ಎದೆ ಸೆಟೆಸಿಕೊಂಡು ಉತ್ತರ ಸಿದ್ಧ ಮಾಡಿಕೊಂಡ. ನಾಯಿ ಬೊಗಳಿದರೆ ದೇವಲೋಕ ಹಾಳಾಗುತ್ತದೆಯೆ?

ಸಂಜೆ ಯಜಮಾನರು ಕೆಳಗಿಳಿದು ಬಂದರು. ಅವರ ಕಣ್ಣು ಒದ್ದೆಯಾಗಿತ್ತು. ಹಿಂದೆ ಮೂವರೂ ಯುದ್ಧ ಗೆದ್ದವರಂತೆ ನಿಂತಿದ್ದರು.

ರಾಮಾನುಜ ಕಾಯಲಿಲ್ಲ. "ಸಾರ್, ಇವರ ಮಾತು ಕೇಳ್ಬೇಡಿ!"

"ಕೇಳಿದ್ದಾಯ್ತು ಕಣ್ರೀ," ಎಂದರು ಯಜಮಾನರು. "ಕೇಳಿದ್ದೇ ಒಳ್ಳೇದಾಯ್ತು. ಊರು ಬಿಡೋ ದುಃಖಕ್ಕೆ ಬೆಳಗ್ಗಿಂದ ನೀವು ಯಾರ ಹತ್ರಾನೂ ಮಾತಾಡಿಲ್ವಂತೆ. ಕೋಡುಬಳೇನೂ ಮುಟ್ಟಿಲ್ವಂತೆ. ಕಿಟಕಿ ಹತ್ರ ನಿಂತು ಅತ್ತರಂತೆ. ನಿಮ್ಮನ್ನ ಕಳಿಸಿದ್ರೆ ಇವರ್ಯಾರೂ ಕೆಲಸ ಮಾಡಲ್ವಂತೆ! ಇಂಥ ಸ್ನೇಹಿತರು ಎಷ್ಟು ಜನಕ್ಕೆ ಸಿಗ್ತಾರ್ರೀ? ಲೀಡರ್ ಬಗ್ಗೆ ನಾನು ಹೇಳಿದ್ದೇ ತಪ್ಪು. ನೀವು ರಾಯಚೂರಿಗೆ ಹೋಗ್ಬೇಕಾಗಿಲ್ಲ. ಇಲ್ಲೇ, ಇದೇ ಕುರ್ಚೀಲಿ ಆರಾಮಾಗಿರಿ."

ರಾಮಾನುಜ ಮೇಜು ಸುತ್ತಿಕೊಂಡು ಯಜಮಾನರ ಎದುರಿಗೆ ಬಂದ. "ಹಾಗಾದ್ರೆ... ಅಲ್ಲಿಗೆ ಮ್ಯಾನೇಜರ್?"

ಮುರುಗೇಶ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ನಾನೇ ಹೋಗ್ತೀನಿ ಅಂತ ಒಪ್ಕೊಂಡೆ ಕಣೋ. ಆ ಬಿಸಿಲು ನನಗೇ ಇರ್ಲಿ. ನೀನು ಸುಖವಾಗಿರು ಮಗಾ." ಅವನ ದನಿಯಲ್ಲಿ ಒಂದು ಚೂರೂ ಕಪಟವಿರಲಿಲ್ಲ. ರಾಮಾನುಜನ ಹೊಟ್ಟೆ ಉರಿದದ್ದು ಅದಕ್ಕೇ.

"ಆಗಲ್ಲ! ನಾನೇ ಹೋಗ್ತೀನಿ! ನಾನು ಮ್ಯಾನೇಜರ್ ಆಗಲೇಬೇಕು ಸಾರ್!" ಎಂದು ಅವನು ಮೇಜು ಗುದ್ದಿ ಅರಚಿದ.

ಶಕುಂತಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ನೋಡಿದ್ರಾ ಸಾರ್? ಗೆಳೆಯನಿಗೆ ಕಷ್ಟ ಬರಬಾರ್ದು ಅಂತ ಹೇಗೆ ಸುಳ್ಳು ಹೇಳ್ತಿದಾರೆ!"

"ಸುಳ್ಳಲ್ಲ ರೀ! ದೇವರಾಣೆಗೂ ನನಗೆ ಆಸೆ ಇದೆ!"

"ಅವನಿಗೋಸ್ಕರ ದೇವರಾಣೆ ಬೇರೆ ಹಾಕ್ತಾನೆ," ಎಂದು ಮರಿಯಣ್ಣ ಮೂಗೆಳೆದುಕೊಂಡ.

ಯಜಮಾನರು ರಾಮಾನುಜನ ಬೆನ್ನು ತಟ್ಟಿದರು. "ಸಾಕು, ನಿಮ್ಮ ದೊಡ್ಡತನ ಅರ್ಥ ಆಯ್ತು. ಆರ್ಡರಿಗೆ ರುಜು ಹಾಕಿಬಿಟ್ಟೆ. ಶನಿವಾರ ಮುರುಗೇಶನಿಗೆ ಬೀಳ್ಕೊಡುಗೆ. ನೀವೇ ನಾಲ್ಕು ಒಳ್ಳೇ ಮಾತಾಡ್ಬೇಕು."

"ಆಡಲ್ಲ! ಸತ್ರೂ ಆಡಲ್ಲ!"

"ಪಾಪ, ಅಗಲೋ ಸಂಕಟ," ಎಂದು ಯಜಮಾನರು ಮತ್ತೆ ಕಣ್ಣೊರೆಸಿಕೊಂಡರು. "ಆಯ್ತು, ಭಾಷಣ ಬೇಡ. ಅವನ ಮನೆ ಸಾಮಾನೆಲ್ಲ ಲಾರಿಗೆ ಹತ್ತಿಸಿ ಬನ್ನಿ. ಅರ್ಧ ದಿನ ರಜಾ ಕೊಟ್ಟಿದೀನಿ."