ನೇರ ದೃಷ್ಟಿ

ಆ ಬೀದಿಯಲ್ಲಿ ನೀರಿನ ಪೈಪು ಹುಡುಕಿ ನೆಲ ಅಗೆದವರಿಗೆಲ್ಲ ಸಿಗುತ್ತಿದ್ದುದು ಇಂಟರ್ನೆಟ್ ಕೇಬಲ್ಲು. ಆ ಶುಕ್ರವಾರ ಬೆಳಿಗ್ಗೆ ಒಂಬತ್ತೂಕಾಲಿಗೆ, ತಿಂಗಳಲ್ಲಿ ಮೂರನೆಯ ಸಲ, ಗುದ್ದಲಿಯ ಒಂದೇ ಏಟಿಗೆ ಅದು ಎರಡು ತುಂಡಾಯಿತು. ಅಗೆಯುತ್ತಿದ್ದವನು ಒಂದು ತುಂಡನ್ನು ಸತ್ತ ಹಾವಿನಂತೆ ಎತ್ತಿ ಹಿಡಿದು, "ಇದು ಯಾರದ್ದು ಸಾರ್?" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದ.

ಅದು ಚಾಳೀಸಣ್ಣನದು.

ಚಾಳೀಸಣ್ಣನೆಂದರೆ ಬೀದಿಯ ಕನ್ನಡಕದ ಅಂಗಡಿಯವನು. ಹೆತ್ತವರು ಇಟ್ಟ ಹೆಸರು ಅಂಗಡಿಯ ಪರವಾನಗಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಅಪ್ಪ ಬಿಟ್ಟುಹೋದದ್ದು ಎರಡೇ: ಅಂಗಡಿ, ಮತ್ತು ಅದರ ಮಾಳಿಗೆಯ ಅಂಚಿನಲ್ಲಿ ಬೀದಿಗೆ ಮುಖ ಮಾಡಿ ನಿಂತ ತಗಡಿನ ಕನ್ನಡಕ. ಒಂದೊಂದು ಗಾಜೂ ಗಾಡಿಯ ಚಕ್ರದಷ್ಟು. 'ಕನ್ನಡಕ ದಾಟಿ ಎರಡನೇ ಮನೆ', 'ಕನ್ನಡಕದ ಎದುರಿನ ಸಂದಿ' ಎಂದೇ ಸುತ್ತಲಿನವರೆಲ್ಲ ವಿಳಾಸ ಹೇಳುತ್ತಿದ್ದರು. ಗುರುತು ಹೇಳುವವರು ನೂರು ಜನ. ಒಳಗೆ ಬರುವವರು ಕಡಿಮೆ. ಪೇಟೆಯಲ್ಲಿ ಗಾಜಿನ ಬಾಗಿಲಿನ ಹೊಸ ಅಂಗಡಿ ತೆರೆದ ಮೇಲಂತೂ, ಅಲ್ಲಿ ಕೊಂಡ ಕನ್ನಡಕಕ್ಕೆ ಇಲ್ಲಿ ಸ್ಕ್ರೂ ಬಿಗಿಸಿಕೊಂಡು ಹೋಗುವವರೇ ಹೆಚ್ಚಾಗಿದ್ದರು.

ಅಂಥದ್ದರಲ್ಲಿ ಒಂದು ಬಸ್ ಕಂಪನಿಯ ಇನ್ನೂರು ಡ್ರೈವರುಗಳ ಕಣ್ಣು ಪರೀಕ್ಷಿಸುವ ಕೆಲಸ ಅವನ ಬಾಗಿಲವರೆಗೆ ಬಂದಿತ್ತು. ಷರತ್ತು ಒಂದೇ. ಡ್ರೈವರು ಅಂಗಡಿಯ ಯಂತ್ರಕ್ಕೆ ಕಣ್ಣಿಟ್ಟಾಗ ದೂರದ ಆಸ್ಪತ್ರೆಯಲ್ಲಿ ಕೂತ ಡಾಕ್ಟರಮ್ಮ ಅದನ್ನು ಆಗಿಂದಾಗಲೇ ತಮ್ಮ ಪರದೆಯಲ್ಲಿ ನೋಡಿ ಹೇಳಬೇಕು. ಅರ್ಧ ಗಂಟೆ ಚಿತ್ರ ನಿಲ್ಲಬಾರದು. ಹೋದ ವಾರ ಮೊಬೈಲಿನ ಇಂಟರ್ನೆಟ್ಟಿನಲ್ಲಿ ಪ್ರಯತ್ನಿಸಿದಾಗ ಡಾಕ್ಟರಮ್ಮನ ಮುಖ ಚದುರಂಗದ ಹಲಗೆಯಾಗಿ, ಬಾಯಿ ಕಿವಿಯ ಪಕ್ಕಕ್ಕೆ ಬಂದು ನಿಂತುಬಿಟ್ಟಿತ್ತು. "ಶುಕ್ರವಾರ ನಾಲ್ಕು ಗಂಟೆಗೆ ನಾನೇ ಬಂದು ನೋಡ್ತೀನಿ, ಅದೇ ಕೊನೆ," ಎಂದು ಕಂಪನಿಯ ಸಾಹೇಬರು ಫೋನಿನಲ್ಲಿ ಹೇಳಿದ್ದರು. "ವಿಳಾಸ ಏನೂ ಬೇಡ. ನಿಮ್ಮ ದೊಡ್ಡ ಕನ್ನಡಕ ಯಾರಿಗೆ ಗೊತ್ತಿಲ್ಲ?"

ಈಗ ಆ ಶುಕ್ರವಾರವೇ ಬಂದಿತ್ತು. ಕೇಬಲ್ಲು ಅಗೆಯುವವನ ಕೈಯಲ್ಲಿತ್ತು.

"ನೆಲ ನಂಬಿದ್ದು ಸಾಕು," ಎಂದಳು ಗಾಜು ಸಾಣೆ ಹಿಡಿಯುತ್ತಿದ್ದ ಹೆಂಡತಿ, ತಲೆಯೆತ್ತದೆ. "ಆ ಗಾಳಿ ಇಂಟರ್ನೆಟ್ಟಿನೋರಿಗೆ ಫೋನ್ ಮಾಡ್ರೀ. ಮಾಳಿಗೆ ಮೇಲೆ ತಟ್ಟೆ ಕೂರಿಸ್ತಾರಂತೆ. ಗಾಳಿ ಅಗೆಯೋರು ಇನ್ನೂ ಹುಟ್ಟಿಲ್ಲ."

ಹನ್ನೊಂದಕ್ಕೆ ತಟ್ಟೆಯವನು ಬಂದ. ನಲವತ್ತೈದರ ಆಸುಪಾಸಿನ, ಮಾತಿನಲ್ಲಿ ಧಾರಾಳಿಯಾದ ಮನುಷ್ಯ. ಬಾಗಿಲ ಕಂಬಕ್ಕೆ ಭುಜ ತಾಗಿಸಿ, ಮೆಟ್ಟಿಲನ್ನು ಕಾಲಿನಿಂದ ತಡವಿ ಹುಡುಕಿ, ಮಾಳಿಗೆ ಹತ್ತಿದ. ಒಂದು ಕಂಬ ನಿಲ್ಲಿಸಿ ಅದಕ್ಕೆ ಅನ್ನದ ತಟ್ಟೆಯಷ್ಟಗಲದ ಬಿಳಿ ತಟ್ಟೆಯನ್ನು ಬಿಗಿದ.

"ಇದರಲ್ಲಿ ಗುಟ್ಟೇನೂ ಇಲ್ಲ ಅಣ್ಣಾ. ಅಲ್ಲಿ ಟವರು, ಇಲ್ಲಿ ತಟ್ಟೆ. ಮಧ್ಯೆ ಏನೂ ಅಡ್ಡ ಇರಬಾರದು. ನೇರ ದೃಷ್ಟಿ ಬಿದ್ರೆ ದೀಪ ಹಸಿರು, ಇಲ್ದಿದ್ರೆ ಕೆಂಪು. ಹೊಸದಾಗಿ ಮದುವೆ ಆದೋರ ಹಾಗೆ. ಒಬ್ಬರನ್ನೊಬ್ಬರು ನೋಡ್ತಾನೇ ಇರಬೇಕು."

"ಹಳೇ ಮದುವೆಯೋರಿಗೆ?"

"ಅವರಿಗೆ ಕೇಬಲ್ಲೇ ಸರಿ."

ತಟ್ಟೆಯವನು ಕಣ್ಣು ಕಿರಿದು ಮಾಡಿ ಸಾಲುಮನೆಗಳ ಮಾಳಿಗೆಗಳ ಮೇಲೆ ನೋಟ ಹಾಯಿಸಿ, "ಹಾಂ, ಅಲ್ಲಿದೆ ನಮ್ಮ ಟವರು!" ಎಂದು ತಟ್ಟೆಯನ್ನು ಅತ್ತ ತಿರುಗಿಸಿದ. ದೀಪ ಕೆಂಪಗೇ ಉಳಿಯಿತು. ಅವನು ಕೈಯಲ್ಲಿದ್ದ ಅಳತೆಯ ಯಂತ್ರವನ್ನು ಮೂಗಿಗೆ ತಾಗಿಸಿಕೊಂಡು ಓದಿ, "ಅಡ್ಡ ಇದೆ," ಎಂದು ತೀರ್ಪು ಕೊಟ್ಟ. ಆಮೇಲೆ ಪಕ್ಕದ ಮಾಳಿಗೆಯತ್ತ ವಿನಯದಿಂದ ಕೈಬೀಸಿದ. "ಯಜಮಾನ್ರೇ, ಒಂಚೂರು ಪಕ್ಕಕ್ಕೆ ಬರ್ತೀರಾ?"

ಯಜಮಾನರು ಕದಲಲಿಲ್ಲ. ಪಕ್ಕದ ಮನೆಯ ಅತ್ತೆ ತಂತಿಯ ಮೇಲೆ ಒಣಹಾಕಿದ ಉದ್ದ ಕೋಟು ಅದು.

"ಕಿವಿ ಕೇಳಿಸಲ್ಲ ಅನ್ಸುತ್ತೆ, ಪಾಪ," ಎಂದ ತಟ್ಟೆಯವನು. ಚಾಳೀಸಣ್ಣ ತಮಾಷೆಯೆಂದುಕೊಂಡು ನಕ್ಕ. ಇಪ್ಪತ್ತೆರಡು ವರ್ಷ ಜನರ ಕಣ್ಣನ್ನೇ ನೋಡಿ ಬದುಕಿದವನು ಅಂದು ನೋಡುತ್ತಿದ್ದುದು ಗಡಿಯಾರವನ್ನು ಮಾತ್ರ.

ಅತ್ತೆ ಅವನ ಸ್ವಂತ ಅತ್ತೆಯಲ್ಲ, ಇಡೀ ಬೀದಿಗೆ ಅತ್ತೆ. ವಿಷಯ ಕೇಳಿ ಸೊಂಟದ ಮೇಲೆ ಕೈಯಿಟ್ಟರು.

"ಟವರಿನ ದೃಷ್ಟಿ ನನ್ನ ಮನೆ ಮೇಲೆ ಹಾದುಹೋಗುತ್ತಾ? ಮೊದಲೇ ಜನರ ದೃಷ್ಟಿ ಸಾಲದು ಅಂತ!"

"ಆ ದೃಷ್ಟಿ ಅಲ್ಲ ಅತ್ತೆ, ಇದು ಇಂಟರ್ನೆಟ್ಟಿಂದು. ಬಟ್ಟೆ ಒಂದು ತೆಗೆದ್ರೆ ಸಾಕು."

"ಒದ್ದೆ ಬಟ್ಟೆ ತೆಗೆದು ನಿನ್ನ ತಲೆ ಮೇಲೆ ಹರವ್ಲಾ?"

ಕೊನೆಗೆ ಅದೇ ಆಯಿತು. ಹನ್ನೆರಡು ಹಾಸು ಹೊದಿಕೆಗಳೂ ಒಂದು ಕೋಟೂ ಚಾಳೀಸಣ್ಣನ ಎರಡು ಕೈ ಮತ್ತು ಒಂದು ಹೆಗಲಿನ ಮೇಲೆ ಮನೆಯೊಳಗೆ ಸಾಗಿದವು. ದೀಪ ಕೆಂಪು.

ಅದರಾಚೆ ನಿವೃತ್ತ ಹೆಡ್ಮಾಸ್ತರರ ಮಾಳಿಗೆ. ಅದರ ಮೇಲೆ ಮೂರು ಅಂತಸ್ತಿನ ಪಾರಿವಾಳದ ಗೂಡು. ಮೇಷ್ಟ್ರು ಒಪ್ಪಿದರು, ಆದರೆ ಶಿಸ್ತಿನಿಂದ. ಗೂಡು ಸರಿಸುವ ಮೊದಲು ಹಾಜರಿ ಆಗಬೇಕು. ಪಾರಿವಾಳಗಳು ಇಪ್ಪತ್ಮೂರು, ಎಣಿಸಿದಾಗ ಇಪ್ಪತ್ತೆರಡು.

"ಒಂದು ಗೈರುಹಾಜರು. ಅದು ಬರೋವರೆಗೂ ಗೂಡು ಅಲ್ಲಾಡಬಾರದು. ಬಂದಾಗ ಮನೆ ಇಲ್ದಿದ್ರೆ ಅದರ ಗತಿಯೇನು?"

"ಮೇಷ್ಟ್ರೇ, ನಾಲ್ಕು ಗಂಟೆಗೆ ನನ್ನ ಗತಿಯೇನು?"

"ನೀನು ಓದೋ ಕಾಲದಲ್ಲೂ ಕೊನೇ ಗಳಿಗೆಯವನೇ."

ಗೈರುಹಾಜರಾದದ್ದು ಒಂದೂವರೆಗೆ, ಯಾವ ಪಶ್ಚಾತ್ತಾಪವೂ ಇಲ್ಲದೆ, ಕತ್ತು ಕುಣಿಸುತ್ತ ಬಂದಿಳಿಯಿತು. ಗೂಡು ಸರಿಯಿತು. ಈಗ ಸಾಲಿನ ಕೊನೆಯವರೆಗೂ ಆಕಾಶ ಬಯಲು. ದೀಪ ಮಾತ್ರ ಕೆಂಪು.

"ವಿಚಿತ್ರ," ಎಂದ ತಟ್ಟೆಯವನು. "ಟವರು ಕಣ್ಣೆದುರಿಗೇ ನಿಂತಿದೆ."

"ಎಲ್ಲಿ?"

"ಅದೋ, ನೆಟ್ಟಗೆ, ಉದ್ದಕ್ಕೆ!"

ಚಾಳೀಸಣ್ಣ ಅವನ ಬೆರಳಿನ ತುದಿ ಹಿಡಿದು ನೋಡಿದ. "ಅಲ್ರೀ, ಅದು ಬೇಕರಿಯ ಹೊಗೆಗೊಳವೆ."

ಬಾಗಿಲ ಕಂಬ, ಕಾಲಿಗೆ ಸಿಗದ ಮೆಟ್ಟಿಲು, ಮೂಗಿಗೆ ತಾಗಿದ ಯಂತ್ರ, ಕಿವುಡ ಕೋಟು ಎಲ್ಲ ಒಟ್ಟಿಗೆ ಚಾಳೀಸಣ್ಣನ ತಲೆಯೊಳಗೆ ಸಾಲಾಗಿ ನಿಂತವು.

"ನೀವು ಕನ್ನಡಕ ಹಾಕಲ್ವಾ?"

"ನನಗ್ಯಾಕೆ? ನಮ್ಮ ವಂಶದಲ್ಲೇ ಯಾರಿಗೂ ಕಣ್ಣಿನ ತೊಂದರೆ ಇಲ್ಲ. ನಮ್ಮ ತಂದೆಗೂ ಹೀಗೇ ಕಾಣ್ತಿತ್ತು."

ಚಾಳೀಸಣ್ಣ ಕೆಳಗೋಡಿ ಪರೀಕ್ಷೆಯ ಚೌಕಟ್ಟು ತಂದು ಅವನ ಮೂಗಿನ ಮೇಲಿಟ್ಟು, ಒಂದಾದ ಮೇಲೊಂದು ಗಾಜು ಇಳಿಸಿದ. ನಾಲ್ಕನೆಯ ಗಾಜಿಗೆ ತಟ್ಟೆಯವನು ಬೀದಿಯ ಕೊನೆಯ ಮರವನ್ನು ಬಹಳ ಹೊತ್ತು ನೋಡಿದ.

"ಅಣ್ಣಾ, ಅದರ ಎಲೆ ಬೇರೆ ಬೇರೆ ಇದಾವೆ," ಎಂದ, ಮೆಲ್ಲಗೆ. "ನಾನು ಮರ ಅಂದ್ರೆ ಹಸಿರು ಮುದ್ದೆ ಅಂದ್ಕೊಂಡಿದ್ದೆ."

ಚಾಳೀಸಣ್ಣನಿಗೆ ಒಂದು ಗಳಿಗೆ ನಾಲ್ಕು ಗಂಟೆ ಮರೆತುಹೋಯಿತು. ಈ ಕಸುಬಿನಲ್ಲಿ ಅವನಿಗೆ ಹಳತಾಗದ ಮಾತು ಅದೊಂದೇ.

ತಟ್ಟೆಯವನು ಆ ಹೊಸ ಕಣ್ಣಿನಿಂದ ಸುತ್ತ ತಿರುಗಿ ಬೀದಿಯ ಕಡೆಗೆ ಕೈ ತೋರಿಸಿದ. ಟವರು ಆಚೆ ಬೀದಿಯಲ್ಲೇ, ಕೂಗಿದರೆ ಓ ಅನ್ನುವಷ್ಟು ಹತ್ತಿರ ನಿಂತಿತ್ತು. ಮಧ್ಯೆ ಅಡ್ಡವಾಗಿದ್ದುದು ಒಂದೇ: ಅಪ್ಪನ ತಗಡಿನ ಕನ್ನಡಕ.

"ಅದರ ಮೇಲೇ ತಟ್ಟೆ ಕೂರಿಸಿಬಿಡಿ," ಎಂದು ಚಾಳೀಸಣ್ಣ ಗೋಗರೆದ.

"ಗಾಳಿಗೆ ಅದು ತಲೆ ಅಲ್ಲಾಡಿಸುತ್ತೆ ಅಣ್ಣಾ. ತಟ್ಟೆ ಇಷ್ಟೇ ಅಲುಗಿದ್ರೂ ಡಾಕ್ಟರಮ್ಮನ ಬಾಯಿ ಮತ್ತೆ ಕಿವಿಗೆ ಹೋಗುತ್ತೆ. ಇನ್ನೂ ಉದ್ದದ ಕಂಬ ನಮ್ಮ ಹತ್ರ ಇಲ್ಲ."

ಸುದ್ದಿ ಪಕ್ಕದ ಮಾಳಿಗೆಗಳಿಗೂ ತಲುಪಿತು. "ಹೊಗೆಗೊಳವೆ ನೋಡಕ್ಕೆ ನನ್ನ ಬಟ್ಟೆ ತೆಗೆಸಿದ್ಯಾ?" ಎಂದು ಅತ್ತೆ ಹೊದಿಕೆಗಳನ್ನೆಲ್ಲ ಕೊಡವಿ ಮತ್ತೆ ತಂತಿಗೇರಿಸಿದರು. ಮೇಷ್ಟ್ರು ಗೂಡನ್ನು ಹಳೆಯ ಜಾಗಕ್ಕೆ ತಂದು, ಈ ಸಲ ಮೊಳೆ ಹೊಡೆದು ಭದ್ರ ಮಾಡುವುದಾಗಿ ಘೋಷಿಸಿ ಸುತ್ತಿಗೆ ಹುಡುಕಲು ಹೋದರು.

ಚಾಳೀಸಣ್ಣ ಕನ್ನಡಕದ ಎದುರು ನಿಂತ. ಬೆಳೆಯುತ್ತಿದ್ದ ಕಾಲಕ್ಕೆ ಅದರ ಹಿಂದೆ ಕೂತು ಮಾವಿನಕಾಯಿ ತಿಂದವನು. ಹೆಂಡತಿ ಬಂದು ಪಕ್ಕದಲ್ಲಿ ನಿಂತಳು.

"ಮಾವನೋರು ಇದನ್ನ ನಿಲ್ಲಿಸಿದ್ದು ಅಂಗಡಿ ನಡೀಲಿ ಅಂತ. ಅಂಗಡಿಗೇ ಅಡ್ಡ ಬಂದ್ರೆ ಅವರೇ ಇಳಿಸ್ತಿದ್ರು. ಶರ್ಟು ಬಿಚ್ಚಿ, ತುಕ್ಕು ಮೆತ್ತಿಕೊಳ್ಳುತ್ತೆ."

ಅವನು ಶರ್ಟು ಬಿಚ್ಚಿ ಕೈಗೆ ಸಿಕ್ಕ ಅತ್ತೆಯ ತಂತಿಗೆ ನೇತುಹಾಕಿದ. ಮೂವರೂ ಸೇರಿ ಕನ್ನಡಕವನ್ನು ಬಿಚ್ಚಿ, ಜ್ವರ ಬಂದ ಹಿರಿಯರನ್ನು ಮಲಗಿಸುವಂತೆ ಮೆಲ್ಲಗೆ ಹಿತ್ತಲಲ್ಲಿ ಮಲಗಿಸಿದರು. ತಟ್ಟೆ ತಿರುಗಿತು. ಮೂರೂ ಐವತ್ತೈದಕ್ಕೆ ದೀಪ ಹಸಿರಾಯಿತು.

ನಾಲ್ಕಕ್ಕೆ ಡಾಕ್ಟರಮ್ಮ ಪರದೆಯ ಮೇಲೆ ಬಂದರು. ಬಾಯಿ ಇರಬೇಕಾದ ಜಾಗದಲ್ಲೇ ಇತ್ತು. ಅವರ ಹಿಂದಿನ ಕ್ಯಾಲೆಂಡರಿನ ತಾರೀಖು ಕೂಡ ಓದಬಹುದಾಗಿತ್ತು. ಚಾಳೀಸಣ್ಣ ಹೆಂಡತಿ ತಂದುಕೊಟ್ಟ ಒಗೆದ ಶರ್ಟು ತೊಟ್ಟು ಬಾಗಿಲು ನೋಡುತ್ತ ಕೂತ.

ನಾಲ್ಕೂ ಹತ್ತು. ಸಾಹೇಬರಿಲ್ಲ.

"ಸುಮ್ನೆ ಯಾಕೆ ಕೂರೋದು, ಯಾರ್ದಾದ್ರೂ ಕಣ್ಣು ತೋರಿಸಿ," ಎಂದರು ಡಾಕ್ಟರಮ್ಮ. ತಟ್ಟೆಯವನು ಯಂತ್ರಕ್ಕೆ ಕಣ್ಣಿಟ್ಟ. ದೂರದ ಊರಿನಿಂದ ಅವರು ನಿಧಾನವಾಗಿ ನೋಡಿ, "ನೀವು ಕೊಟ್ಟಿರೋದಕ್ಕಿಂತ ಇನ್ನೂ ಅರ್ಧ ನಂಬರ್ ಹೆಚ್ಚು ಬೇಕು," ಎಂದರು. ಹೆಂಡತಿ ಗಾಜು ತೆಗೆದುಕೊಂಡು ಸಾಣೆಗೆ ಕೂತಳು. ಚಿತ್ರ ಒಂದು ಸಲವೂ ನಿಲ್ಲಲಿಲ್ಲ. ನೋಡಬೇಕಾದ ಒಬ್ಬರನ್ನು ಬಿಟ್ಟು ಎಲ್ಲರೂ ಅದನ್ನು ನೋಡಿದರು.

ನಾಲ್ಕೂವರೆಗೆ ಡಾಕ್ಟರಮ್ಮ ಎದ್ದರು. "ನಿಮ್ಮ ಲೈನು ಚಿನ್ನದಂಥದ್ದು. ನಿಮ್ಮ ಸಾಹೇಬರೇ ಸರಿಯಿಲ್ಲ."

ಆಗ ಪಕ್ಕದ ಮನೆಯಿಂದ ಅತ್ತೆಯ ಕೂಗು ಕೇಳಿತು. "ಯಾರಾದ್ರೂ ಬನ್ರೋ! ನನ್ನ ಬೀರು ಹಾಡ್ತಾ ಇದೆ!"

ಇನ್ನೂ ಒದ್ದೆಯಾಗಿದ್ದ ಹೊದಿಕೆಗಳನ್ನು ತಂತಿಯಲ್ಲೇ ಬಿಟ್ಟು, ಒಣಗಿದ್ದನ್ನು ಮಡಿಸಿಡುವಾಗ ಅತ್ತೆ ಚಾಳೀಸಣ್ಣನ ಶರ್ಟನ್ನೂ ಮಡಿಸಿ ಬೀರುವಿಗೆ ಸೇರಿಸಿದ್ದರು, ಜೇಬಿನಲ್ಲಿದ್ದ ಫೋನಿನ ಸಮೇತ. ಅದರಲ್ಲಿ ಸಾಹೇಬರ ಒಂಬತ್ತು ಕರೆಗಳಿದ್ದವು. ಇದು ಹತ್ತನೆಯದು.

"ಎಲ್ಲಿ ಹೋದ್ರಿ ನೀವು? ಮೂರು ಸಲ ಬೀದಿ ಸುತ್ತಿದೆ! ಕನ್ನಡಕಾನೂ ಇಲ್ಲ, ಅಂಗಡಿನೂ ಇಲ್ಲ. ಗೇಟಿನ ಹತ್ರ ಸುತ್ತಿಗೆ ಹಿಡ್ಕೊಂಡು ಒಬ್ಬ ಹಿರಿಯರು ನಿಂತಿದ್ರು. ದೊಡ್ಡ ಕನ್ನಡಕ ಎಲ್ಲಿ ಅಂದ್ರೆ, 'ಇಳಿಸಿ ಆಯ್ತು' ಅಂದ್ರು. ಅಂಗಡಿ ಮುಚ್ಚಿದ್ರಿ ಅಂತ ವಾಪಸ್ ಬಂದೆ."

ಚಾಳೀಸಣ್ಣ ಫೋನಿನ ಬಾಯಿ ಮುಚ್ಚಿ, ಅತ್ತೆಯ ಕೂಗಿಗೆ ಸುತ್ತಿಗೆ ಸಮೇತ ಬಂದಿದ್ದ ಮೇಷ್ಟ್ರ ಕಡೆ ತಿರುಗಿದ. "ಅಂಗಡಿ ಇಲ್ಲೇ ಇದೆ ಅಂತ ಹೇಳ್ಬಾರದಿತ್ತಾ ಮೇಷ್ಟ್ರೇ?"

"ಅವರು ಕೇಳಿದ್ದು ಕನ್ನಡಕ. ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟೆ. ಕೇಳದೇ ಇರೋದಕ್ಕೆ ಎಷ್ಟು ಬರೆದ್ರೂ ಅಂಕ ಇಲ್ಲ," ಎಂದು ಮೇಷ್ಟ್ರು ತಮ್ಮ ಮಾಳಿಗೆಗೆ ಹೊರಟುಹೋದರು.

"ಸಾರ್," ಎಂದ ಚಾಳೀಸಣ್ಣ ಫೋನಿಗೆ, "ಅಂಗಡಿ ತೆರೆದೇ ಇತ್ತು. ಬಾಗಿಲ ಮೇಲೆ ಅಂಗಡಿ ಹೆಸರೂ ಇದೆ, ಅಂಗೈ ಅಗಲದ ಅಕ್ಷರದಲ್ಲಿ."

ಆ ಕಡೆ ಸಾಹೇಬರು ಗಂಟಲು ಸರಿಮಾಡಿಕೊಂಡರು.

"ಅಂಗೈ ಅಗಲ ಇತ್ತಾ?" ಸಾಹೇಬರ ದನಿ ತಗ್ಗಿತು. "ನೋಡಿ, ಸೋಮವಾರ ನಾಲ್ಕಕ್ಕೆ ಇನ್ನೊಂದು ಸಲ ಬರ್ತೀನಿ. ಡ್ರೈವರುಗಳಿಗಿಂತ ಮೊದಲು, ಅಂದ್ರೆ, ನನ್ನದೂ ಒಂದು ನೋಡಿಬಿಡಿ. ಯಾರಿಗೂ ಹೇಳ್ಬೇಡಿ. ಆದ್ರೆ ಆ ದೊಡ್ಡ ಕನ್ನಡಕ ಮಾತ್ರ ಮೇಲೇ ಇರ್ಲಿ. ಇಲ್ದಿದ್ರೆ ಈ ಸಲಾನೂ ನನಗೆ ಅಂಗಡಿ ಕಾಣಲ್ಲ."

ಚಾಳೀಸಣ್ಣ ಫೋನಿಟ್ಟು ಬಂದು ತನ್ನ ಅಂಗಡಿಯ ಮೆಟ್ಟಿಲ ಮೇಲೆ ಕೂತ. ಕನ್ನಡಕ ಏರಿದರೆ ಇಂಟರ್ನೆಟ್ ಇಲ್ಲ, ಇಳಿದರೆ ಸಾಹೇಬರಿಲ್ಲ.

ಅಷ್ಟರಲ್ಲಿ ಮಾಳಿಗೆಯಿಂದ ಒಂದು ಕೇಕೆ. ಅರ್ಧ ನಂಬರು ಹೆಚ್ಚಿನ ಹೊಸ ಕನ್ನಡಕ ತೊಟ್ಟು ಮೇಲೇರಿದ್ದ ತಟ್ಟೆಯವನು ಕುಣಿಯುತ್ತಿದ್ದ.

"ಅಣ್ಣಾ, ಬನ್ನಿ! ಆ ಹೊಗೆಗೊಳವೆಯ ಎಡಕ್ಕೆ, ಗುಡ್ಡದ ತುದೀಲಿ, ಇನ್ನೊಂದು ಟವರು! ನಮ್ಮದೇ! ಕನ್ನಡಕ ಅದರ ಜಾಗದಲ್ಲಿರ್ಲಿ, ನಾನು ತಟ್ಟೆ ಈ ಕಡೆ ತಿರುಗಿಸ್ತೀನಿ!"

ಚಾಳೀಸಣ್ಣ ಎರಡೆರಡು ಮೆಟ್ಟಿಲು ಹಾರಿ ಮೇಲೆ ಬಂದು ಅವನನ್ನು ತಬ್ಬಿಕೊಂಡ. "ಅಡ್ಡ ಏನೂ ಇಲ್ವಲ್ಲ?"

"ಏನೂ ಇಲ್ಲ ಅಣ್ಣಾ," ಎಂದ ತಟ್ಟೆಯವನು, ಹೊಸ ಕನ್ನಡಕ ಸರಿಮಾಡಿಕೊಂಡು. "ಆ ಹೊದಿಕೆಗಳು, ಆ ಪಾರಿವಾಳದ ಗೂಡು. ಅಷ್ಟೇ."

ಅತ್ತ ಮಾಳಿಗೆಯಲ್ಲಿ ಮೇಷ್ಟ್ರು ಗೂಡಿಗೆ ಕೊನೆಯ ಮೊಳೆ ಹೊಡೆದು, ಒಂದು ಸಲ ಅಲ್ಲಾಡಿಸಿ ನೋಡಿ, "ಇನ್ನು ಭೂಮಿ ನಡುಗಿದ್ರೂ ಇದು ನಡುಗಲ್ಲ," ಎಂದು ನೆಮ್ಮದಿಯಿಂದ ಸುತ್ತಿಗೆ ಕೆಳಗಿಟ್ಟರು.

ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. ಚಾಳೀಸಣ್ಣ ಶರ್ಟಿನ ಗುಂಡಿಗಳನ್ನು ಕತ್ತಿನವರೆಗೂ ಹಾಕಿಕೊಂಡು, ಶಾಲೆಯ ದಿನಗಳ ಹಾಗೆ ಕೈಕಟ್ಟಿ, ಮಾಳಿಗೆಯ ಅಂಚಿನ ಗೋಡೆಯ ಹತ್ತಿರ ಹೋಗಿ ನಿಂತ.

"ಮೇಷ್ಟ್ರೇ, ಒಂದು ಪ್ರಶ್ನೆ ಕೇಳ್ಲಾ?"

ಮೇಷ್ಟ್ರು ಅವನನ್ನು ನೋಡಿದರು, ತಟ್ಟೆಯನ್ನು ನೋಡಿದರು, ಉತ್ತರಿಸುವ ಮೊದಲು ಸುತ್ತಿಗೆಯನ್ನು ಮತ್ತೆ ಕೈಗೆತ್ತಿಕೊಂಡರು.